‘ಮಣ್ಣು ಎಷ್ಟೊತ್ತಿಗೆ?’ – ದಾವಣಗೆರೆಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಬಾಡಿಗೆ ಮನೆ, ಗ್ಯಾಸು, ಮಕ್ಕಳ ಶಾಲೆ ಇವುಗಳ ಬಗ್ಗೆ ಹೊಸಬರಿಗೆ ಹೇಳುವುದು ಸುಲಭ. ಈ ಸಲದ ವಿಷಯ ಸಾವು. ಅದನ್ನು ಎತ್ತಿದಾಗ, ಹೊಸಬರಿಗೆ ನೆರವಾಗುವ ನಮ್ಮ ಸಂಘದ ಸಭೆಯಲ್ಲೇ ಹಿರಿಯರೊಬ್ಬರು ‘ಬಿಡ್ತು ಅನ್ನಿ’ ಅಂದರು. ನಾವು ಅನ್ನಲಿಲ್ಲ. ಊರಿಗೆ ಬಂದು ಎರಡು ತಿಂಗಳಾಗಿದ್ದ ಮನೆಯೊಂದರಲ್ಲಿ ಅಜ್ಜ ತೀರಿಕೊಂಡ ರಾತ್ರಿ, ಆ ಮನೆಯವರಿಗೆ ಗೊತ್ತಿದ್ದ ಸ್ಥಳೀಯ ಫೋನ್ ನಂಬರು ಹಾಲಿನವನದು ಒಂದೇ. ಪುಣ್ಯಕ್ಕೆ ಅವನು ಫೋನ್ ಎತ್ತಿದ, ನಮ್ಮನ್ನು ಎಬ್ಬಿಸಿದ.

ಸಾವಿನ ಸುದ್ದಿ ಕಿವಿಗೆ ಬಿದ್ದ ಕೂಡಲೇ ಈ ಕಡೆಯ ಜನ ಕೇಳುವುದು ‘ಮಣ್ಣು ಎಲ್ಲಿ, ಎಷ್ಟೊತ್ತಿಗೆ?’ ಮಣ್ಣಿಗೆ ಹೋಗುವುದು ಎಂದರೆ ಅಂತ್ಯಕ್ರಿಯೆಗೆ ಹೋಗುವುದು. ಹೊರಗೆ ಬೆಳೆದ ಮಕ್ಕಳಿಗೆ ಆ ಮಾತು ಒರಟಾಗಿ ಕೇಳಿಸಬಹುದು. ಕೇಳಿದವರು ಬಂದೇ ಬರುತ್ತಾರೆ, ಅಷ್ಟು ತಿಳಿದುಕೊಂಡರೆ ಸಾಕು.

ಆದರೆ ‘ಎಲ್ಲಿ’ ಅನ್ನುವುದಕ್ಕೆ ಉತ್ತರ ಮನೆಯೊಳಗೆ ಮೊದಲೇ ಸಿದ್ಧವಿರಬೇಕು. ಇಲ್ಲಿಯೋ, ಹುಟ್ಟಿದೂರಿನ ಹೊಲದಲ್ಲೋ? ಹೂಳುವುದೋ, ಸುಡುವುದೋ? ಇದನ್ನು ಶವದ ಮುಂದೆ ನಿಂತು ಅಣ್ಣತಮ್ಮಂದಿರು ಚರ್ಚಿಸುವುದನ್ನು ನೋಡಿದ್ದೇವೆ. ಆ ಮಾತು ವರ್ಷಗಟ್ಟಲೆ ಮರೆಯುವುದಿಲ್ಲ. ಹಿರಿಯರು ಗಟ್ಟಿಯಾಗಿರುವಾಗಲೇ ಕೇಳಿ. ಎಷ್ಟೋ ಹಿರಿಯರು ಯಾರಾದರೂ ಕೇಳಲಿ ಎಂದೇ ಕಾಯುತ್ತಿರುತ್ತಾರೆ. ಲಿಂಗಾಯತರ ಮನೆಯವರಿಗೆ ಹತ್ತಿರದ ಅಯ್ಯನವರು, ಮುಸ್ಲಿಮರಿಗೆ ಮಸೀದಿ ಕಮಿಟಿ, ಕ್ರೈಸ್ತರಿಗೆ ಚರ್ಚಿನ ಫಾದರ್, ಇವರ ಪರಿಚಯ ಮಾಡಿಕೊಳ್ಳಲು ಸಾವು ಬರುವವರೆಗೆ ಕಾಯಬೇಡಿ. ಅಸ್ಥಿ ಬಿಡುವವರು ಹೆಚ್ಚಾಗಿ ಹರಿಹರದ ತುಂಗಭದ್ರೆಗೆ ಹೋಗುತ್ತಾರೆ, ಇಲ್ಲಿಂದ ಸುಮಾರು 14 ಕಿಲೋಮೀಟರ್.

ಮನೆಯಲ್ಲೇ ಜೀವ ಹೋದರೆ ಮೊದಲು ಬೇಕಾಗಿರುವುದು ಡಾಕ್ಟರು. ಅವರು ಬಂದು ನೋಡಿ, ಸಾವಿನ ಕಾರಣ ಬರೆದು ಸಹಿ ಮಾಡಿದ ಕಾಗದವಿಲ್ಲದೆ ಮುಂದಿನ ಯಾವ ಕೆಲಸವೂ ಸಲೀಸಾಗಿ ಸಾಗುವುದಿಲ್ಲ. ಹಾಗಾಗಿ ವಯಸ್ಸಾದವರಿದ್ದರೆ ಓಣಿಯಲ್ಲೇ ಒಬ್ಬ ಡಾಕ್ಟರಿಗೆ ಆಗಾಗ ತೋರಿಸುತ್ತಿರಿ. 108 ಆಂಬುಲೆನ್ಸ್ ಇರುವುದು ಬದುಕಿರುವವರಿಗೆ. ಊರಿಗೆ ಒಯ್ಯಲು ಶವ ಸಾಗಿಸುವ ವಾಹನ ಬೇರೆ. ಬಾಡಿಗೆಯನ್ನು ಹತ್ತುವ ಮುನ್ನವೇ ಮಾತಾಡಿಕೊಳ್ಳಿ, ಡಾಕ್ಟರ ಕಾಗದ ಕೈಯಲ್ಲಿರಲಿ. ಅಪಘಾತ, ಆತ್ಮಹತ್ಯೆ ಅಥವಾ ಏನಾದರೂ ಅನುಮಾನವಿದ್ದರೆ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟು ಮಣ್ಣು ಮಾಡಿದರೆ ಆಮೇಲೆ ವಿಮೆಯೂ ಇಲ್ಲ, ನೆಮ್ಮದಿಯೂ ಇಲ್ಲ.

ಬಾಡಿಗೆ ಮನೆಯವರದ್ದು ಇನ್ನೊಂದು ಕಷ್ಟ. ಆಸ್ಪತ್ರೆಯಿಂದ ಶವವನ್ನು ಮನೆಗೆ ತರಬೇಡಿ ಎಂದ ಓನರನ್ನು ನಾವೇ ಕಂಡಿದ್ದೇವೆ. ಗೇಟಿನ ಹೊರಗೆ ಶಾಮಿಯಾನ ಹಾಕಿ ದರ್ಶನ ಮಾಡಿಸಬೇಕಾಯಿತು. ಇದು ತಪ್ಪು ಎಂದು ಆ ರಾತ್ರಿ ವಾದಿಸಿ ಪ್ರಯೋಜನವಿಲ್ಲ. ನಮಗೆ ಫೋನ್ ಮಾಡಿ, ಓನರ್ ಹತ್ತಿರ ನಾವು ಮಾತಾಡುತ್ತೇವೆ.

ಹೊಸಬರು ಎಡವುವುದು ಮರಣ ಪ್ರಮಾಣಪತ್ರದ ವಿಷಯದಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ದಾವಣಗೆರೆಯಲ್ಲಿ ತೀರಿಕೊಂಡವರನ್ನು ಹಗರಿಬೊಮ್ಮನಹಳ್ಳಿಯಲ್ಲಿ ಮಣ್ಣು ಮಾಡಿದರೂ ಪತ್ರ ಸಿಗುವುದು ಇಲ್ಲಿಯದೇ. ಊರಿನ ಪಂಚಾಯಿತಿಗೆ ಅಲೆದು ತಿಂಗಳು ಕಳೆದವರಿದ್ದಾರೆ. 21 ದಿನದೊಳಗೆ ಬರೆಸಿದರೆ ಶುಲ್ಕವಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಆಸ್ಪತ್ರೆಯಲ್ಲಾದ ಸಾವಿನ ವರದಿಯನ್ನು ಆಸ್ಪತ್ರೆಯೇ ಕಳಿಸುತ್ತದೆ, ಮನೆಯಲ್ಲಾದರೆ ಮಹಾನಗರ ಪಾಲಿಕೆಗೆ ತಿಳಿಸುವುದು ಮನೆಯವರ ಕೆಲಸ. ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ಬ್ಯಾಂಕು, ವಿಮೆ, ಊರಿನ ಜಮೀನಿನ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಎಲ್ಲವೂ ಅಲ್ಲೇ ನಿಲ್ಲುತ್ತವೆ.

ತೀರಿಕೊಂಡವರ ಪಾಸ್‌ಬುಕ್ಕನ್ನು ಒಮ್ಮೆ ಸರಿಯಾಗಿ ಓದಿ. ವರ್ಷಕ್ಕೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ, 20 ರೂಪಾಯಿಯದ್ದು ಅಪಘಾತ ವಿಮೆ. ಜೀವನ್ ಜ್ಯೋತಿಯಲ್ಲೂ, ಅಪಘಾತದಲ್ಲಿ ಸತ್ತರೆ ಇನ್ನೊಂದರಲ್ಲೂ, ಮನೆಗೆ ಬರಬೇಕಾದದ್ದು ತಲಾ 2 ಲಕ್ಷ. ಎಷ್ಟೋ ಮನೆಯವರಿಗೆ ಇದು ಇದೆಯೆಂದೇ ಗೊತ್ತಿರುವುದಿಲ್ಲ. ಅವರ ಮೊಬೈಲ್ ಸಿಮ್ಮನ್ನು ಬ್ಯಾಂಕಿನ ಕೆಲಸ ಮುಗಿಯುವವರೆಗೆ ಬಂದ್ ಮಾಡಿಸಬೇಡಿ.

ಬದುಕಿರುವಾಗ ಬರೆದಿಡುವ ಕಾಗದ ಎರಡು. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬ್ಯಾಂಕಿನ ನಾಮಿನಿ ಹಣ ಪಡೆಯಬಹುದು, ಹಾಗೆಂದು ಅದೆಲ್ಲ ಅವರದೇ ಆಗುವುದಿಲ್ಲ, ವಾರಸುದಾರರ ಹಕ್ಕು ಹಾಗೇ ಉಳಿಯುತ್ತದೆ. ಇನ್ನೊಂದು, ಗುಣವಾಗುವ ಆಸೆ ಇಲ್ಲದಾಗ ವೆಂಟಿಲೇಟರ್ ಬೇಡ ಎಂದು ಮುಂಚೆಯೇ ಬರೆದಿಡುವ ಪತ್ರ. ಸುಪ್ರೀಂ ಕೋರ್ಟ್ ಇದಕ್ಕೆ 2018ರಲ್ಲಿ ಒಪ್ಪಿತು, 2023ರಲ್ಲಿ ವಿಧಾನ ಸರಳ ಮಾಡಿತು: ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಪತ್ರವಿದೆಯೆಂದು ಯಾರೂ ಒಬ್ಬರೇ ಕೊಳವೆ ತೆಗೆಯುವಂತಿಲ್ಲ, ಡಾಕ್ಟರುಗಳ ಎರಡು ಮಂಡಳಿ ಒಪ್ಪಬೇಕು. ಬೀರುವಿನಲ್ಲಿ ಬೀಗ ಹಾಕಿಟ್ಟ ಪತ್ರ ಐಸಿಯು ಬಾಗಿಲಲ್ಲಿ ಕೆಲಸಕ್ಕೆ ಬಾರದು, ಮಕ್ಕಳ ಕೈಗೆ ಒಂದು ಪ್ರತಿ ಕೊಡಿ.

ಶಿವಗಣಾರಾಧನೆಗೋ ತಿಥಿಗೋ ಸಾಲ ಮಾಡಬೇಡಿ. ‘ಜನ ಏನಂತಾರೆ’ ಅನ್ನುವ ಜನ ನಿಮ್ಮ ಊರಲ್ಲಿದ್ದಾರೆ, ಬಡ್ಡಿ ಕಟ್ಟಬೇಕಾದವರು ಇಲ್ಲಿದ್ದೀರಿ.

ಕಷ್ಟ ಶುರುವಾಗುವುದು ಅದೆಲ್ಲ ಮುಗಿದು ನೆಂಟರು ಬಸ್ಸು ಹತ್ತಿದ ಮೇಲೆ. ಊರಲ್ಲಾದರೆ ಕಟ್ಟೆಯಿದೆ; ಇಲ್ಲಿ ಮಹಡಿ ಮನೆಯ ಬಾಗಿಲು ಮುಚ್ಚಿದರೆ ಮುಚ್ಚಿದ್ದೇ. ಮಕ್ಕಳಿಗೆ ‘ಅಜ್ಜ ಊರಿಗೆ ಹೋಗಿದ್ದಾರೆ’ ಎಂದು ಹೇಳಬೇಡಿ, ಅವರು ಬಾಗಿಲು ಕಾಯುತ್ತಾರೆ. ವಾರಗಟ್ಟಲೆ ನಿದ್ದೆ, ಊಟ ಬಿಟ್ಟವರಿದ್ದರೆ, ‘ನಾನೂ ಹೋಗಿಬಿಡ್ತೀನಿ’ ಎಂಬ ಮಾತು ಬಾಯಿಂದ ಬಂದರೆ, ಹಗಲು ರಾತ್ರಿ ಯಾವಾಗಲಾದರೂ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನೇರವಾಗಿ ತೋರಿಸುವುದಾದರೆ ಚಿಗಟೇರಿ ಜನರಲ್ ಆಸ್ಪತ್ರೆಗೆ ಹೋಗಿ. ಮಾನಸಿಕ ವೈದ್ಯರ ಹತ್ತಿರ ಹೋಗುವುದಕ್ಕೆ ನಾಚಿಕೆಯಾದರೆ ನಮ್ಮಲ್ಲೊಬ್ಬರು ಜೊತೆಗೆ ಬರುತ್ತಾರೆ.

ತಿಂಗಳು ಕಳೆದ ಮೇಲೂ ಸಂಘದ ಹೆಂಗಸರು ಮಾತಾಡಿಸಿಕೊಂಡು ಹೋಗಲು ಬರುತ್ತಾರೆ. ಎದ್ದು ಹೋಗುವಾಗ ‘ಬರ್ತೀವಿ’ ಅನ್ನುವುದಿಲ್ಲ, ಸಾವಿನ ಮನೆಯಲ್ಲಿ ಹಾಗೆ ಹೇಳುವ ಪದ್ಧತಿಯಿಲ್ಲ. ಆದರೂ ಮತ್ತೆ ಬರುತ್ತಾರೆ. ಅವರಿಗಾಗಿ ಚಹಾ ಇಡಲು ಹೋಗಬೇಡಿ, ಫ್ಲಾಸ್ಕು ಅವರ ಚೀಲದಲ್ಲೇ ಇರುತ್ತದೆ.