ಹೆರಿಗೆಗೆ ಹೋದ ಟೈಲರ್ ವಾಪಸ್ ಬರುತ್ತಾಳೆ: ಒಂದು ಗಾರ್ಮೆಂಟ್ಸ್ ಘಟಕದ ಲೆಕ್ಕ

ಗಾರ್ಮೆಂಟ್ಸ್‌ನಲ್ಲಿ ಹೆರಿಗೆಗೆ ಹೋದವರು ತಿರುಗಿ ಬರುವುದಿಲ್ಲ ಎಂಬುದನ್ನು ನಮ್ಮ ಎಚ್‌ಆರ್ ಬಳಗ ಒಪ್ಪಿಕೊಂಡು ಎಷ್ಟೋ ವರ್ಷವಾಯಿತು. ಐದು ಜನ ಹೋದರೆ ಒಬ್ಬಳು ಬಂದರೆ ಪುಣ್ಯ. ಮೈಸೂರು ರಸ್ತೆ ಕಡೆಯ ನಮ್ಮ ಘಟಕದಲ್ಲಿ ಆರುನೂರರ ಆಸುಪಾಸು ಹೆಣ್ಣುಮಕ್ಕಳಿದ್ದಾರೆ, ವರ್ಷಕ್ಕೆ ಮೂವತ್ತು ಚಿಲ್ಲರೆ ಹೆರಿಗೆ. ಈಗ ನಾಲ್ವರಲ್ಲಿ ಮೂವರು ವಾಪಸ್ ಬರುತ್ತಿದ್ದಾರೆ, ಬಂದವರಲ್ಲಿ ಬಹುಪಾಲು ಮಷಿನ್ ಮೇಲೆ ಉಳಿದಿದ್ದಾರೆ. ‘ಇದು ಐಟಿ ಕಂಪನಿಯಲ್ಲ’ ಎಂದು ನಕ್ಕ ಪ್ರೊಡಕ್ಷನ್‌ನವರೇ ಈಗ ಯಾರು ಯಾವ ತಿಂಗಳು ಬರುತ್ತಾರೆ ಎಂದು ಪಟ್ಟಿ ಕೇಳುತ್ತಾರೆ. ಹಾಗಾಗಿ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲು ಹಣ ಕಳೆದ ದಾರಿಗಳು. ವಾಪಸ್ ಬಂದವರಿಗೆ ಮೂರು ಸಾವಿರ ಇನ್ಸೆಂಟಿವ್ ಇಟ್ಟದ್ದು ಒಂದು. ಹೇಗಿದ್ದರೂ ಬರುತ್ತಿದ್ದವರು ತೆಗೆದುಕೊಂಡರು, ಬರದವರು ಬರಲಿಲ್ಲ. ಬಾಣಂತಿಯರದೊಂದು ವಾಟ್ಸ್‌ಆ್ಯಪ್ ಗುಂಪು ಮಾಡಿದೆವು. ಅರ್ಧದಷ್ಟು ನಂಬರ್ ಗಂಡಂದಿರದು, ‘ಯಾವಾಗ ಬರ್ತೀಯಮ್ಮ’ ಎಂಬ ಮೆಸೇಜ್ ಅವಳಿಗೆ ತಲುಪುತ್ತಲೇ ಇರಲಿಲ್ಲ. ಕ್ರೆಶ್‌ಗೆ, ಅಂದರೆ ಕೂಸುಗಳನ್ನು ನೋಡಿಕೊಳ್ಳುವ ಕೋಣೆಗೆ, ಗೋಡೆ ತುಂಬ ಕಾರ್ಟೂನ್ ಬರೆಸಿ, ಪ್ಲಾಸ್ಟಿಕ್ ಜಾರುಬಂಡೆ ತಂದದ್ದಕ್ಕೆ ಎರಡು ಲಕ್ಷದ ಹತ್ತಿರ ಹೋಯಿತು. ಆಡಿಟ್‌ಗೆ ಬಂದವರು ಫೋಟೊ ತೆಗೆದುಕೊಂಡರು. ಮಕ್ಕಳು ಮೂರೋ ನಾಲ್ಕೋ, ಅವೂ ಮೂರು ವರ್ಷ ದಾಟಿದವು.

ಕೆಲಸ ಮಾಡಿದ್ದು ಐದನೇ ತಿಂಗಳಿಂದ ಶುರುವಾಗುವ ಒಂದು ಹಾಳೆ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ತವರಿಗೆ ಹೊರಟಳು ಅಂದರೆ ಮಾತು ಮುಗಿಯಿತು, ಆಮೇಲೆ ಹಿಡಿಯುವುದು ಕಷ್ಟ. ಐದನೇ ತಿಂಗಳಲ್ಲಿ ಡಿಸ್ಪೆನ್ಸರಿ ನರ್ಸ್ ಕಡೆಯಿಂದ ಹೆಸರು ಬರುತ್ತದೆ. ಸೂಪರ್‌ವೈಸರ್ ಕಡೆಯಿಂದ ಬರಬಾರದು. ಅವನಿಗೆ ಗೊತ್ತಾದ ದಿನದಿಂದಲೇ ಅವಳನ್ನು ಬೇರೆ ಲೈನಿಗೆ ತಳ್ಳುವ ಯೋಚನೆ. ಹಾಳೆಯಲ್ಲಿ ಮೂರು ದಿನಾಂಕ: ನಿರೀಕ್ಷಿತ ಹೆರಿಗೆ, ರಜೆ ಶುರು, ವಾಪಸಾತಿ. ನಿರೀಕ್ಷಿತ ದಿನಾಂಕವನ್ನು ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್‌ನಿಂದಲೇ ತೆಗೆದುಕೊಳ್ಳಿ. ಕೊನೆಗೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಅದು ವಾರಗಟ್ಟಲೆ ಆಚೀಚೆ ಹೋಗುತ್ತದೆ. ಒಟ್ಟು 26 ವಾರ, ಅದರಲ್ಲಿ ಹೆರಿಗೆಗೆ ಮುಂಚೆ 8 ವಾರ ಮೀರುವಂತಿಲ್ಲ, ಎರಡು ಮಕ್ಕಳಿದ್ದವರಿಗೆ 12 ವಾರ. ಇದು ಎಲ್ಲರಿಗೂ ಗೊತ್ತು. ಗರ್ಭಪಾತಕ್ಕೆ ಆರು ವಾರ ಸಂಬಳ ಸಹಿತ ರಜೆ ಇದೆ ಎಂಬುದು ಮಾತ್ರ ಹತ್ತರಲ್ಲಿ ಒಂಬತ್ತು ಕಾರ್ಖಾನೆಗಳಲ್ಲಿ ಯಾರಿಗೂ ಗೊತ್ತಿಲ್ಲ. ಗೈರುಹಾಜರಿ ಎಂದು ಬರೆದು ಕೂಲಿ ಹಿಡಿಯುತ್ತಾರೆ.

ಇನ್ನು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. 21,000ದೊಳಗಿನ ಸಂಬಳದವರಿಗೆ ರಜೆಯ ಹಣವೆಲ್ಲ ಅಲ್ಲಿಂದಲೇ, ಕಾರ್ಖಾನೆಗೆ ನಯಾಪೈಸೆ ಖರ್ಚಿಲ್ಲ. ಹೀಗಿದ್ದೂ ಮ್ಯಾನೇಜ್‌ಮೆಂಟ್ ಹೆರಿಗೆ ರಜೆ ಎಂದರೆ ಹೆದರುವುದು ನನಗೆ ಇವತ್ತಿಗೂ ವಿಚಿತ್ರ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಆರಾರು ತಿಂಗಳಿನವು) 70 ದಿನದ ವಂತಿಗೆ ಇದ್ದರೆ ಸಾಕು. ಎಡವುವುದು ದಿನದಲ್ಲಲ್ಲ, ಅವಧಿಯಲ್ಲಿ. ಏಪ್ರಿಲ್–ಸೆಪ್ಟೆಂಬರ್ ವಂತಿಗೆಗೆ ಲಾಭ ಅವಧಿ, ಅಂದರೆ ಹಣ ಸಿಗುವ ಅವಧಿ, ಮುಂದಿನ ಜನವರಿ–ಜೂನ್. ಅಕ್ಟೋಬರ್–ಮಾರ್ಚ್ ವಂತಿಗೆಗೆ ಜುಲೈ–ಡಿಸೆಂಬರ್. ಹೊಸದಾಗಿ ಇಎಸ್‌ಐಗೆ ಬಂದವರಿಗೆ ಮೊದಲ ಲಾಭ ಅವಧಿ ತೆರೆಯುವುದು ಸೇರಿ ಒಂಬತ್ತು ತಿಂಗಳಾದ ಮೇಲೆ. ಏಪ್ರಿಲ್ 1ಕ್ಕೆ ಸೇರಿದವಳ ನಿರೀಕ್ಷಿತ ದಿನಾಂಕ ಡಿಸೆಂಬರ್ 28, ಹೆರಿಗೆಯೂ ಅವತ್ತೇ ಆಯಿತು ಅನ್ನಿ, ಇಎಸ್‌ಐ ಕೊಡುವುದಿಲ್ಲ. ಹೆರಿಗೆ ಜನವರಿ 3ಕ್ಕೆ ಜಾರಿದರೆ ಕೊಡುತ್ತದೆ.

ಹಾಗಾದರೆ ಡಿಸೆಂಬರ್‌ನವಳಿಗೆ ಏನೂ ಇಲ್ಲವೇ? ಇದೆ, ಕಾರ್ಖಾನೆಯೇ ಕೊಡಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 5ಎ ಕಲಂನಲ್ಲಿ ಇದ್ದಂತೆ, ಇಎಸ್‌ಐಗೆ ಅರ್ಹಳಾಗುವ ತನಕ ಅವಳ ಹಕ್ಕು ಮಾಲೀಕರ ಮೇಲೇ ಇರುತ್ತದೆ, ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಆಯಿತು. ಆ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದು ಉಳಿದಿದೆ. 26 ವಾರ, 50 ಅಥವಾ ಹೆಚ್ಚು ಜನರಿದ್ದರೆ ಕ್ರೆಶ್, ಪುಕ್ಕಟೆ ಚಿಕಿತ್ಸೆ ಕೊಡದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್ ಕೂಡ ಹಾಗೇ ಇವೆ. ನಮ್ಮಲ್ಲಿ ಇಂಥ ಕೇಸು ವರ್ಷಕ್ಕೆ ಎರಡು ಮೂರು, ತಲಾ ಎಂಬತ್ತು ಸಾವಿರದ ಹತ್ತಿರ. ಅಕೌಂಟ್ಸ್‌ನವರು ಪ್ರತಿ ಸಲವೂ ಮುಖ ಗಂಟಿಕ್ಕುತ್ತಾರೆ. ಆದರೆ ‘ನಿನಗೆ ಎಲಿಜಿಬಿಲಿಟಿ ಇಲ್ಲ’ ಎಂಬ ಒಂದು ಮಾತು ಲೈನಿಗೆಲ್ಲ ಹರಡಿದರೆ ಮುಂದಿನ ಹತ್ತು ಜನ ಕೇಳುವುದಕ್ಕೂ ಬರುವುದಿಲ್ಲ.

ಮೊತ್ತ ಎಷ್ಟೆಂದು ಹೇಳಿದ ದಿನ ಮುಖ ಅರಳುತ್ತದೆ. ತಿಂಗಳಿಗೆ 13,000, 26 ದಿನ ಅಂದರೆ ದಿನಕ್ಕೆ 500. ಇಎಸ್‌ಐ ಭಾನುವಾರವನ್ನೂ ಸೇರಿಸಿ 182 ದಿನಕ್ಕೆ ಕೊಡುತ್ತದೆ, 91,000 ಆಯಿತು. ಆರು ತಿಂಗಳ ಸಂಬಳ 78,000. ಮನೆಯಲ್ಲಿದ್ದು ಹೆಚ್ಚು ಬರುತ್ತದೆ ಎಂದರೆ ಮೊದಲು ಯಾರೂ ನಂಬುವುದಿಲ್ಲ! ಒಂದು ಎಚ್ಚರಿಕೆ: ದಿನಗೂಲಿ ಲೆಕ್ಕದ ಕಾರ್ಖಾನೆಯಲ್ಲಿ ತಿಂಗಳ ವಂತಿಗೆ ಫೈಲಿನ ದಿನಗಳ ಕಾಲಂಗೆ ಗುಮಾಸ್ತ ಅಭ್ಯಾಸಬಲದಿಂದ 30 ಒತ್ತಿದರೆ ದಿನದ ದರ 433ಕ್ಕೆ ಇಳಿದು, ಅವಳಿಗೆ ಹನ್ನೆರಡು ಸಾವಿರ ಖೋತಾ. ಹಳೆಯ ಇಎಸ್‌ಐ ಕಾಯ್ದೆ ಇದ್ದಾಗ ಒಟಿ (ಓವರ್‌ಟೈಮ್) ಹಣವೂ ವಂತಿಗೆಗೆ ಸೇರಿ ದರ ಏರುತ್ತಿತ್ತು.

ರಜೆ ತಿಂಗಳುಗಳಲ್ಲಿ ಸೊನ್ನೆ ದಿನ ಹಾಕುವಾಗ ಕಾರಣದ ಕಾಲಂನಲ್ಲಿ ‘ರಜೆಯಲ್ಲಿ’ ಎಂದೇ ಇರಬೇಕು, ಅದರ ಕೋಡ್ 1. ಪಕ್ಕದ 2 ಒತ್ತಿದರೆ ‘ಕೆಲಸ ಬಿಟ್ಟಿದ್ದಾರೆ’ ಎಂದಾಗಿ ಹೆಸರು ನಿಮ್ಮ ಪಟ್ಟಿಯಿಂದ ಬಿದ್ದುಹೋಗುತ್ತದೆ. ರಜೆಯೊಳಗೆ ಒಂದು ದಿನದ ಕೂಲಿ ಫೈಲಿನಲ್ಲಿ ಕಂಡರೂ ಇಎಸ್‌ಐ ಶಾಖಾ ಕಚೇರಿ ಪ್ರಶ್ನೆ ಎತ್ತುತ್ತದೆ. ಉಳಿದಿದ್ದ ಗಳಿಕೆ ರಜೆಯನ್ನು ಸೇರಿಸಿ ಕೊಡುವ ಉದಾರ ಬುದ್ಧಿ ಇದ್ದರೆ 26 ವಾರ ಮುಗಿದ ಮೇಲೆ ಕೊಡಿ.

ಕಾಗದ ಕೆಡುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ತಂದೆಯ ಇನಿಷಿಯಲ್, ಬ್ಯಾಂಕಿನಲ್ಲಿ ಗಂಡನ ಹೆಸರು, ತಾಲ್ಲೂಕು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು. ತಾಯಿ ಕಾರ್ಡಿನಲ್ಲಿ ಆಧಾರ್ ಪ್ರಕಾರವೇ ಬರೆಸಿಕೊಂಡು ಬಂದರೆ ಆಸ್ಪತ್ರೆಯವರು ಅದನ್ನೇ ನೋಡಿ ಬರೆಯುತ್ತಾರೆ, ಮುಕ್ಕಾಲು ಪಾಲು ತಲೆನೋವು ಅಲ್ಲೇ ಹೋಗುತ್ತದೆ. ಇನ್ನೊಂದು, ಹಿಂದಿನ ಕಾರ್ಖಾನೆಯಲ್ಲಿ ಇದ್ದ ವಿಮಾ ಸಂಖ್ಯೆಯನ್ನು ಬಿಟ್ಟು ಹೊಸದು ಮಾಡಿರುವುದು. ವಂತಿಗೆ ಎರಡು ಕಡೆ ಹಂಚಿಹೋಗಿ 70 ದಿನ ಸಾಲುವುದಿಲ್ಲ. ಐದನೇ ತಿಂಗಳಲ್ಲೇ ಎರಡು ಸಂಖ್ಯೆಯನ್ನೂ ಸೇರಿಸಿ ಒಂದು ಮಾಡಿಸಿ. ಶಾಖಾ ಕಚೇರಿಯಲ್ಲಿ ಫೈಲು ಬೇಗ ಸಾಗಿಸುವ ನಮ್ಮದೊಂದು ಉಪಾಯವಿದೆ, ಕಾಸಿನದಲ್ಲ, ಕಾಗದ ಜೋಡಿಸುವ ಕ್ರಮದ್ದು. ಅದನ್ನು ಇಲ್ಲಿ ಬರೆದರೆ ನಾಳೆ ಎಲ್ಲರೂ ಅದೇ ಮಾಡಿ ನಮ್ಮ ಫೈಲು ಹಿಂದೆ ಬೀಳುತ್ತದೆ.

ಇಷ್ಟಾದರೂ ರಾಜೀನಾಮೆ ಕೊಡುವವರು ಇದ್ದರು, ಕಾರಣ ಕೆಲಸ ಬಿಟ್ಟರೆ ಕೈಗೆ ಬರುವ ಪಿಎಫ್ (ಭವಿಷ್ಯ ನಿಧಿ). 2016ರ ಏಪ್ರಿಲ್‌ನಲ್ಲಿ ಪಿಎಫ್ ತೆಗೆಯುವುದಕ್ಕೆ ತಂದ ನಿರ್ಬಂಧದ ವಿರುದ್ಧ ಬೆಂಗಳೂರಿನ ರಸ್ತೆಗಳಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೂತದ್ದನ್ನು ಮರೆತವರು ಈ ಕೆಲಸಕ್ಕೆ ಇಳಿಯಬಾರದು. ಆ ಹಣ ಅವರ ಪಾಲಿಗೆ ಹೆರಿಗೆಯ ಗಂಟು. ‘ಪಿಎಫ್ ತೆಗೀಬೇಡ’ ಎಂದರೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ನಾವು ತೋರಿಸುವುದು ಗ್ರಾಚ್ಯುಟಿ, ಐದು ವರ್ಷ ದುಡಿದು ಬಿಡುವವರಿಗೆ ಸಿಗುವ ಇಡಿಗಂಟು. ನಾಲ್ಕು ವರ್ಷ ಎರಡು ತಿಂಗಳಾದವಳು ಬಿಟ್ಟರೆ ಸಾಮಾನ್ಯವಾಗಿ ಏನೂ ಸಿಗದು. 26 ವಾರದ ಹೆರಿಗೆ ರಜೆ ಸೇವೆಗೆ ಸೇರುತ್ತದೆ, ಬಂದು ಐದು ತಿಂಗಳು ಹೊಲಿದರೆ ಐದು ವರ್ಷ ದಾಟುತ್ತಾಳೆ. 13,000ಕ್ಕೆ 15/26 ಲೆಕ್ಕದಲ್ಲಿ ವರ್ಷಕ್ಕೆ 7,500, ಐದು ವರ್ಷಕ್ಕೆ 37,500. ಈ ಅಂಕಿ ಅತ್ತೆಗೆ ಅರ್ಥವಾಗುತ್ತದೆ, ಅತ್ತೆಗೆ ಅರ್ಥವಾದರೆ ಕೆಲಸ ಅರ್ಧ ಆದಂತೆ. ಬಿಟ್ಟೇ ಹೋಗುತ್ತೇನೆ ಎನ್ನುವವರಿಗೂ ಇಎಸ್‌ಐ ಅರ್ಜಿ ತುಂಬಿಸಿ ಕಳಿಸಿ. ಲಾಭ ಅವಧಿಯೊಳಗಿನ ಹೆರಿಗೆಯಾದರೆ ಅವರಿಗೂ ಹಣ ಉಂಟು, ಹಾಕುವವರಿಲ್ಲದೆ ಬಿಟ್ಟುಹೋಗುತ್ತದೆ ಅಷ್ಟೆ.

ಕ್ರೆಶ್ ಖಾಲಿ ಇದ್ದದ್ದಕ್ಕೆ ಕಾರಣ ಗೋಡೆ ಬಣ್ಣದಲ್ಲಿ ಇರಲಿಲ್ಲ, ಟೆಂಪೊದಲ್ಲಿ ಇತ್ತು. ಬೆಳಿಗ್ಗೆ ಏಳೂವರೆಗೆ ಬಿಡದಿ ಕಡೆಯಿಂದ ಬರುವ ಗಾಡಿಯಲ್ಲಿ ನಿಲ್ಲುವುದಕ್ಕೇ ಜಾಗವಿಲ್ಲ, ಆರು ತಿಂಗಳ ಕೂಸನ್ನು ಎತ್ತಿಕೊಂಡು ಯಾವ ತಾಯಿ ಹತ್ತುತ್ತಾಳೆ? ಪ್ರತಿ ಗಾಡಿಯಲ್ಲಿ ಡ್ರೈವರ್ ಹಿಂದಿನ ಎರಡು ಸೀಟಿಗೆ ಕೆಂಪು ಕವರ್ ಹಾಕಿಸಿ ಕಾಯ್ದಿರಿಸಿದೆವು. ಮಗು ಇದ್ದವರಿಗೆ ಬೆಳಿಗ್ಗೆ ಹದಿನೈದು ನಿಮಿಷ ತಡ ಮಾಫಿ. ಖರ್ಚು ಹೆಚ್ಚೆಂದರೆ ಎಂಟು ಸಾವಿರ. ಎರಡು ಲಕ್ಷದ ಬಣ್ಣ ಮಾಡದ್ದನ್ನು ಈ ಎಂಟು ಸಾವಿರ ಮಾಡಿತು.

ಮೊದಲ ವಾರ ಅಜ್ಜಿಗೂ ಗೇಟ್ ಪಾಸ್. ಆಯಾ ಹೇಗೆ ಎತ್ತಿಕೊಳ್ಳುತ್ತಾಳೆ, ಹೇಗೆ ತೊಳೆಯುತ್ತಾಳೆ ಎಂದು ಅಜ್ಜಿ ಕಣ್ಣಾರೆ ನೋಡಬೇಕು. ಮಕ್ಕಳು ಕಬ್ಬಿಣದ ಕಾಟ್‌ನಲ್ಲಿ ಮಲಗುವುದಿಲ್ಲ, ಜೋಲಿ ಬೇಕು. ಸೀಲಿಂಗ್ ಕೊಂಡಿಗೆ ಸೇಫ್ಟಿಯವರು ಒಪ್ಪಲಿಲ್ಲ. ಒಂದೂವರೆ ಇಂಚು ಜಿಐ ಪೈಪಿನಲ್ಲಿ ಎ ಆಕಾರದ ಸ್ಟ್ಯಾಂಡ್ ಬೆಸುಗೆ ಹಾಕಿಸಿ, ಹಳೆಯ ಕಾಟನ್ ಸೀರೆ ಕಟ್ಟಿ, ನೆಲದಿಂದ ಒಂದಡಿಗಿಂತ ಎತ್ತರ ಬರದ ಹಾಗೆ, ಕೆಳಗೆ ಎರಡಿಂಚು ಮ್ಯಾಟ್. ಸೀರೆ ಸಿಂಥೆಟಿಕ್ ಆಗಿದ್ದರೆ ಗಂಟು ಜಾರುತ್ತದೆ, ಕಾಟನ್ನೇ ಆಗಬೇಕು. ಸ್ಟ್ಯಾಂಡ್ ತಲಾ ಎರಡು ಸಾವಿರದೊಳಗೆ ಆಯಿತು.

ಹಾಲು ಹಿಂಡುವ ಪಂಪ್ ತಂದು ನೋಡಿದೆವು, ಹತ್ತು ತಂದರೆ ಇಬ್ಬರು ಬಳಸಿದರು. ಕೈಯಲ್ಲಿ ಹಿಂಡಿ ಸ್ಟೀಲ್ ಡಬ್ಬಿಯಲ್ಲಿ ಇಡುವುದು ಸಲೀಸಾಯಿತು. ಡಬ್ಬಿ ಮೇಲೆ ಹೆಸರು, ಗಂಟೆ. ಹೊರಗೆ ನಾಲ್ಕು ಗಂಟೆ ಇಡಬಹುದು ಎನ್ನುವುದು 25 ಡಿಗ್ರಿಯ ಮಾತು. ಶೀಟ್ ಛಾವಣಿ ಕೆಳಗೆ ಏಪ್ರಿಲ್‌ನಲ್ಲಿ ಅದನ್ನು ನಂಬಬೇಡಿ, ಸೀದಾ ಫ್ರಿಜ್‌ಗೆ, ಬಾಗಿಲಿನ ತಟ್ಟೆಯಲ್ಲಲ್ಲ, ಹಿಂಭಾಗಕ್ಕೆ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ಮಗು ಕುಡಿದು ಮಿಕ್ಕದ್ದನ್ನು ಚೆಲ್ಲಿ. ರಾಗಿ ಸರಿಗೆ ಮೊಳಕೆ ಕಟ್ಟಿದ ರಾಗಿ ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟು. ತೌಡು ಉಳಿದರೆ ಏಳೆಂಟು ತಿಂಗಳ ಮಗುವಿಗೆ ಜೀರ್ಣವಾಗದು. ವರ್ಷದೊಳಗಿನವಕ್ಕೆ ಜೇನು ಬೇಡ, ಅಜ್ಜಿಯಂದಿರ ಜತೆ ಜಗಳವಾಗುವುದು ಇದೊಂದಕ್ಕೆ. ಹಾಲಿನ ಪುಡಿ ಡಬ್ಬಿ ಪುಕ್ಕಟೆ ಕೊಡುತ್ತೇವೆ ಎಂದು ಬರುವವರನ್ನು ಗೇಟಿನಲ್ಲೇ ಕಳಿಸಿ, 1992ರ ಕಾನೂನಿನಲ್ಲಿ ಅದು ನಿಷಿದ್ಧ.

ಹಾಲೂಡಿಸುವ ಬಿಡುವು ಮಗುವಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು. ಗಂಟೆಯ ಟಾರ್ಗೆಟ್ ಇರುವ ಲೈನಿನಲ್ಲಿ ಇದು ಕಾಗದದ ಮೇಲೆ ಮಾತ್ರ ಇರುತ್ತದೆ. ಎದ್ದು ಹೋದರೆ ಹಿಂದೆ ಬಂಡಲ್ ಗುಡ್ಡೆ ಬೀಳುತ್ತದೆ, ಅಕ್ಕಪಕ್ಕದವರೇ ಗೊಣಗುತ್ತಾರೆ. ನಮ್ಮ ಪರಿಹಾರ ಫ್ಲೋಟರ್, ಎದ್ದು ಹೋದವಳ ಮಷಿನ್‌ನಲ್ಲಿ ಕೂರುವ ಬದಲಿ ಟೈಲರ್. ಏಳು ತಾಯಂದಿರು, ಎರಡು ಬಿಡುವು, ತಲಾ ಇಪ್ಪತ್ತೈದು ನಿಮಿಷ ಅಂದರೆ ಆರು ಗಂಟೆಗೆ ಹತ್ತು ನಿಮಿಷ ಕಡಿಮೆ. ಎಂಟು ಗಂಟೆಯ ಪಾಳಿಯಲ್ಲಿ ಒಬ್ಬ ಫ್ಲೋಟರ್ ಇದನ್ನು ನಿಭಾಯಿಸುತ್ತಾಳೆ, ಆದರೆ ಸಿಂಗಲ್ ನೀಡಲ್, ಓವರ್‌ಲಾಕ್ ಎರಡೂ ಮಷಿನ್ ಬರಬೇಕು. ಹೊಸ ಹೆಲ್ಪರ್‌ನ ನಿಲ್ಲಿಸಿ ಫ್ಲೋಟರ್ ಎಂದು ಕರೆದ ಕಡೆಗಳಲ್ಲೆಲ್ಲ ಇದು ಬಿದ್ದುಹೋಗಿದೆ. ತಾಯಂದಿರನ್ನು ಕಾಲರ್ ಅಟ್ಯಾಚ್‌ನಂಥ ಇಕ್ಕಟ್ಟಿನ ಆಪರೇಷನ್‌ನಲ್ಲಿ ಕೂರಿಸದೆ, ಹತ್ತು ಹದಿನೈದು ಪೀಸ್ ಮುಂಚಿತ ಇಟ್ಟುಕೊಳ್ಳಬಹುದಾದ ಕಡೆ ಹಾಕಿ. ದರ್ಜೆ, ಕೂಲಿ ಮಾತ್ರ ಇಳಿಯಕೂಡದು. ಬಿಡುವನ್ನು ಎಲ್ಲರಿಗೂ ಟೀ ಹೊತ್ತಿಗೇ ಕಟ್ಟಿದರೆ ಪರದೆ ಹಿಂದಿನ ನಾಲ್ಕು ಕುರ್ಚಿಗೆ ಸಾಲು ನಿಲ್ಲಬೇಕಾಗುತ್ತದೆ, ಸರದಿ ಹಾಕಿ.

ಖರ್ಚಿನ ಮಾತು. ಕ್ರೆಶ್‌ಗೆ ಇಬ್ಬರು ಆಯಾ, ಒಬ್ಬ ಟೀಚರ್ ಮೊದಲೇ ಇದ್ದರು, ಖಾಲಿ ಕೋಣೆಗೇ ಸಂಬಳ ಹೋಗುತ್ತಿತ್ತು. ಹದಿನೈದು ಮಕ್ಕಳಾದ ಮೇಲೆ ಇನ್ನೊಬ್ಬ ಆಯಾ, ಹಾಲು, ಗ್ಯಾಸ್ ಸೇರಿ ತಿಂಗಳಿಗೆ ಇಪ್ಪತ್ತೈದು ಸಾವಿರ ಹೆಚ್ಚಾಯಿತು, ವರ್ಷಕ್ಕೆ ಮೂರು ಲಕ್ಷ. ಹೊಸ ಟೈಲರ್ ಕೈ ಪಳಗುವ ಎರಡು ಮೂರು ತಿಂಗಳ ನಷ್ಟ ತಲೆಗೆ ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲ. ವರ್ಷಕ್ಕೆ ಹದಿನೇಳು ಹದಿನೆಂಟು ಜನ ಹೆಚ್ಚಾಗಿ ಉಳಿದರು, ಗುಣಿಸಿಕೊಳ್ಳಿ. ಫ್ಲೋಟರ್ ಸಂಬಳವನ್ನು ಇದರಲ್ಲಿ ಸೇರಿಸಿಲ್ಲ. ಗೈರುಹಾಜರಿ ತುಂಬಲು ಹೇಗೂ ಬೇಕಾದವಳು. ಬಯರ್, ಅಂದರೆ ನಮ್ಮ ಬಟ್ಟೆ ಕೊಳ್ಳುವ ಕಂಪನಿ, ಕಡೆಯಿಂದ ಇದಕ್ಕೆ ಸ್ವಲ್ಪ ಹಣ ಬರುವಂತೆ ಮಾಡಿಕೊಂಡ ಬಗೆ ಮಾತ್ರ ಮಾರಾಟಕ್ಕಿಲ್ಲ.

ಸರಿಹೋಗದೆ ಉಳಿದಿರುವುದು ಸರಕು ಹೊರಡುವ ಶಿಪ್‌ಮೆಂಟ್ ವಾರ. ಆ ವಾರ ಫ್ಲೋಟರನ್ನು ಫಿನಿಷಿಂಗ್‌ಗೆ ಎಳೆದುಕೊಳ್ಳುತ್ತಾರೆ, ತಾಯಂದಿರ ಬಿಡುವು ಒಂದಕ್ಕೆ ಇಳಿಯುತ್ತದೆ. ಫ್ಲೋಟರ್ ಹೆಸರನ್ನು ಪ್ರೊಡಕ್ಷನ್ ಪಟ್ಟಿಯಿಂದಲೇ ತೆಗೆದು ವೆಲ್‌ಫೇರ್ ಲೆಕ್ಕಕ್ಕೆ ಹಾಕಿಸಲು ಓಡಾಡುತ್ತಿದ್ದೇವೆ, ಫೈಲು ಜಿಎಂ ಮೇಜಿನ ಮೇಲಿದೆ.