ಮ್ಯಾನ್ಯುವಲ್ ಗೇರಿನ ಚುರುಕು ಹ್ಯಾಚ್‌ಬ್ಯಾಕ್: ದಿನವೂ ಓಡಿಸಿ, ಬಹಳ ಕಾಲ ಬಾಳಿಸುವುದು ಹೇಗೆ?

1976ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಮಾರಾಟಕ್ಕೆ ಬಂದಾಗ ಅದರಲ್ಲಿ ಇದ್ದದ್ದು 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ. ಮನೆಮಂದಿ ಕೂರಬಹುದು, ಡಿಕ್ಕಿಯಲ್ಲಿ ಸಾಮಾನು ತುಂಬಬಹುದು, ರಸ್ತೆ ಖಾಲಿ ಸಿಕ್ಕರೆ ಮನಸಾರೆ ಓಡಿಸಬಹುದು. ಈ ಬಗೆಯ ಗಾಡಿಯ ಗುಟ್ಟು ಇಷ್ಟೇ. ಆದರೆ ಅದೇ ಗಾಲ್ಫ್ ಜಿಟಿಐ 2024ರ ಹೊಸ ರೂಪದಲ್ಲಿ ಮ್ಯಾನ್ಯುವಲ್ ಗೇರನ್ನೇ ಕೈಬಿಟ್ಟಿತು. ಇಂಥ ಗಾಡಿಗಳು ಕಡಿಮೆಯಾಗುತ್ತಿವೆ. ಹಾಗಂತ ಇರುವುದಕ್ಕೆ ಕವರ್ ಹಾಕಿ ನಿಲ್ಲಿಸಬೇಡಿ. ದಿನವೂ ಓಡಿಸಿ, ಒಂದಿಷ್ಟು ಅಭ್ಯಾಸ ಮಾಡಿಕೊಂಡರೆ ಸಾಕು.

ಮೊದಲು, ಆಯಿಲ್ ಬಿಸಿಯಾಗಲಿ

ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಬಿಟ್ಟು ಹೊರಡಿ. ನಿಂತಲ್ಲೇ ಐದು ನಿಮಿಷ ಎಂಜಿನ್ ಆನ್ ಇಟ್ಟರೆ ಪೆಟ್ರೋಲ್ ಸುಮ್ನೆ ಹಾಳು, ಮೆಲ್ಲಗೆ ಓಡಿಸಿದರೆ ಇನ್ನೂ ಬೇಗ ಬಿಸಿಯಾಗುತ್ತದೆ. ತುಂಬ ಜನ ಎಡವುವುದು ಇಲ್ಲೇ. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಕೂಲಂಟ್‌ನ (ಎಂಜಿನ್ ತಣ್ಣಗಿಡುವ ದ್ರವದ) ಬಿಸಿ, ಆಯಿಲ್ ಬಿಸಿಯಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಆಯಿಲ್ ಟೆಂಪರೇಚರ್ ತೋರಿಸುವ ಗಾಡಿಯಾದರೆ ಅದು 80 ಡಿಗ್ರಿ ದಾಟುವ ತನಕ 3000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಹೊಡೆಯುವ ಸುತ್ತು) ಒಳಗೇ ಇರಿ. ತೋರಿಸದಿದ್ದರೆ ಹತ್ತು ಹದಿನೈದು ನಿಮಿಷ ತಾಳ್ಮೆ ಇರಲಿ. ಈಗಿನ ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವ ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ, ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ಹೊಡೆಯುತ್ತದೆ, ಅದರ ಬೇರಿಂಗ್ ಸವೆಯದಂತೆ ಕಾಯುವುದು ತೆಳ್ಳಗಿನ ಆಯಿಲ್ ಪದರ. ಜೋರಾಗಿ ಓಡಿಸಿದ ದಿನ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಬನ್ನಿ, ಟರ್ಬೊ ತಣ್ಣಗಾಗುತ್ತದೆ.

ಎಡಗಾಲು ಎಲ್ಲಿದೆ?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದು. ಈ ಗಾಡಿಗಳ ಕ್ಲಚ್ ಸಾಮಾನ್ಯವಾಗಿ ಸ್ವಲ್ಪ ಗಟ್ಟಿ. ಎಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) ಜಾಸ್ತಿ ಇರುವುದರಿಂದ ಕ್ಲಚ್ ಪ್ಲೇಟನ್ನು ಬಿಗಿಯಾಗಿ ಹಿಡಿಯಲೇಬೇಕು. ಹಾಗಾಗಿ ಟ್ರಾಫಿಕ್ಕಿನಲ್ಲಿ ಕಾಲು ನೋಯುತ್ತದೆ, ನೋವು ತಪ್ಪಿಸಿಕೊಳ್ಳಲು ನಾವು ಹಾಫ್ ಕ್ಲಚ್‌ನಲ್ಲಿ ತೆವಳುತ್ತೇವೆ, ಪ್ಲೇಟ್ ಸವೆಯುವುದು ಅಲ್ಲಿಂದಲೇ. ಅದರ ಬದಲು ಮುಂದಿನ ಗಾಡಿ ಸ್ವಲ್ಪ ದೂರ ಹೋಗಲು ಬಿಡಿ. ಆಮೇಲೆ ಒಮ್ಮೆಗೇ ಫಸ್ಟ್ ಗೇರಿನಲ್ಲಿ ಹೊರಟು ಕ್ಲಚ್ ಪೂರ್ತಿ ಬಿಟ್ಟು ಮುಂದೆ ಹೋಗಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆಯಿರಿ, ಕ್ಲಚ್ ಒತ್ತಿಕೊಂಡೇ ಕಾದರೆ ರಿಲೀಸ್ ಬೇರಿಂಗ್ ಸವೆಯುತ್ತದೆ. ಏರಿನಲ್ಲಿ ಕ್ಲಚ್ ಮೇಲೆ ಗಾಡಿ ನಿಲ್ಲಿಸಿಕೊಳ್ಳಬೇಡಿ, ಹ್ಯಾಂಡ್‌ಬ್ರೇಕ್ ಇರುವುದೇ ಅದಕ್ಕೆ ಅಲ್ವಾ? ಓಡಿಸುವಾಗ ಎಡಗಾಲು ಪಕ್ಕದ ಫುಟ್‌ರೆಸ್ಟ್ ಮೇಲಿರಲಿ.

ಕ್ಲಚ್ ಸವೆದಿದೆಯೋ ಇಲ್ಲವೋ ನೋಡುವುದು ಸುಲಭ. ಖಾಲಿ ರಸ್ತೆಯಲ್ಲಿ, ನಾಲ್ಕನೇ ಅಥವಾ ಐದನೇ ಗೇರಿನಲ್ಲಿ, ಸುಮಾರು 2500 ಆರ್‌ಪಿಎಂನಿಂದ ಆಕ್ಸಿಲರೇಟರ್ ಚೆನ್ನಾಗಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಅಷ್ಟಕ್ಕೇ ನಿಂತರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ತಡ ಮಾಡಬೇಡಿ, ಬಿಸಿಯಿಂದ ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿ ಕೂರುವ ಎಂಜಿನ್ನಿನ ಭಾರದ ಚಕ್ರ) ಕೂಡ ಕೆಟ್ಟರೆ ಖರ್ಚು ಇನ್ನೂ ಜಾಸ್ತಿ.

ಯಾವ ಗೇರ್, ಯಾವಾಗ

ಮೈಲೇಜ್ ಆಸೆಗೆ ಆರನೇ ಗೇರಿನಲ್ಲಿ 1300 ಆರ್‌ಪಿಎಂನಲ್ಲಿ ಹೋಗುತ್ತಾ, ಓವರ್‌ಟೇಕ್ ಮಾಡಲು ಹಾಗೆಯೇ ಆಕ್ಸಿಲರೇಟರ್ ಪೂರ್ತಿ ತುಳಿಯುವುದು ಕೆಟ್ಟ ಅಭ್ಯಾಸ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಚಿಮುಕಿಸುವ) ಟರ್ಬೊ ಎಂಜಿನ್ನಿನಲ್ಲಿ ಹೀಗೆ ಮಾಡಿದರೆ ಸ್ಪಾರ್ಕ್ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಸಾಧ್ಯತೆ ಇದೆ. ಎರಡು ಗೇರ್ ಇಳಿಸಿ, ಆಮೇಲೆ ತುಳಿಯಿರಿ. ಇಳಿಸುವಾಗ ಕ್ಲಚ್ ಒತ್ತಿದ ಹೊತ್ತಿನಲ್ಲೇ ಆಕ್ಸಿಲರೇಟರಿಗೆ ಒಂದು ಸಣ್ಣ ಗುದ್ದು ಕೊಟ್ಟು ಆರ್‌ಪಿಎಂ ಏರಿಸಿ, ನಂತರ ಕ್ಲಚ್ ಬಿಡಿ. ಗಾಡಿ ಜಗ್ಗುವುದಿಲ್ಲ, ಕ್ಲಚ್ ಮೇಲೂ ಹೊರೆ ಬೀಳುವುದಿಲ್ಲ. ಮೊದಮೊದಲು ಕಾಲಿಗೆ ಲೆಕ್ಕ ಸಿಗುವುದಿಲ್ಲ, ಒಂದೆರಡು ವಾರ ಬೇಕು. ಅದು ಸರಿಯಾಗಿ ಕೂತ ದಿನ ಆಫೀಸಿಗೆ ಹೋಗುವ ದಾರಿಯೇ ಬೇರೆ ಅನ್ನಿಸುತ್ತದೆ, ನಿಜವಾಗಿ!

ಗೇರ್ ಬದಲಿಸಿದ ಮೇಲೆ ಕೈ ಸ್ಟೀರಿಂಗ್‌ಗೆ ವಾಪಸ್ ಬರಲಿ. ಲಿವರ್ ಮೇಲೆ ಕೈ ಭಾರ ಬಿಟ್ಟರೆ ಒಳಗಿನ ಸೆಲೆಕ್ಟರ್ ಫೋರ್ಕ್ ಸವೆಯುತ್ತದೆ.

ಟೈರ್, ಆಯಿಲ್, ಬ್ರೇಕ್

ಈ ಗಾಡಿಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದಿಂದ ಓಡುವಂಥವು. ಎಳೆಯುವುದು, ತಿರುಗುವುದು, ಬ್ರೇಕಿನ ಮುಕ್ಕಾಲು ಕೆಲಸ, ಎಲ್ಲ ಮುಂದಿನ ಎರಡು ಟೈರ್‌ಗಳದ್ದೇ. ಬೇಗ ಸವೆಯುವುದೂ ಅವೇ. ಸುಮಾರು 10,000 ಕಿಲೋಮೀಟರಿಗೊಮ್ಮೆ ಹಿಂದೆ ಮುಂದೆ ಬದಲಿಸಿ, ನಾಲ್ಕೂ ಒಂದೇ ಅಳತೆಯವು ಇದ್ದರೆ. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ನೋಡಿ. 18, 19 ಇಂಚಿನ ಅಲಾಯ್ ವೀಲಿಗೆ ಹಾಕಿರುವ ತೆಳು ಟೈರಿನಲ್ಲಿ ಗಾಳಿ ಕಡಿಮೆ ಇದ್ದು ಗುಂಡಿಗೆ ಇಳಿದರೆ, ವೀಲ್ ಬೆಂಡಾಗಲು ಅಷ್ಟೇ ಸಾಕು.

ತಿಂಗಳಿಗೆ ಎರಡು ಸಲ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎತ್ತಿ ನೋಡಿ. ಟರ್ಬೊ ಎಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ಮಾಮೂಲಿ, ನೋಡದೇ ಇರುವುದು ತಪ್ಪು. ನನ್ನ ಗಾಡಿಗೆ ಒಮ್ಮೆ ಸರ್ವಿಸ್‌ನಲ್ಲಿ ಬೇರೆ ದರ್ಜೆಯ ಆಯಿಲ್ ಹಾಕಿಬಿಟ್ಟಿದ್ದರು, ಬಿಲ್ ಓದಿದ್ದರಿಂದ ಗೊತ್ತಾಯಿತು. ಆದ್ದರಿಂದ ಕೈಪಿಡಿಯಲ್ಲಿರುವ ದರ್ಜೆಯನ್ನು ಬರೆದುಕೊಂಡು ಹೋಗಿ ತೋರಿಸಿ. ಪೆಟ್ರೋಲ್ ಕೂಡ ಹಾಗೇ. ಕೈಪಿಡಿಯಲ್ಲಿ 98 ಆಕ್ಟೇನ್ (ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆಯುತ್ತದೆ ಅನ್ನುವ ಅಳತೆ) ಬೇಕು ಅಂದಿದ್ದರೆ ಅದನ್ನೇ ಹಾಕಿಸಿ, ಕಡಿಮೆ ಹಾಕಿದರೆ ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಸ್ಪಾರ್ಕ್ ತಡ ಮಾಡುತ್ತದೆ, ನೀವು ದುಡ್ಡು ಕೊಟ್ಟು ತಂದ ಪಿಕಪ್ಪೇ ಹೋಗುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಿ. ಎಷ್ಟೋ ಗಾಡಿಗಳಲ್ಲಿ ಕ್ಲಚ್ ಕೂಡ ಅದೇ ಡಬ್ಬಿಯಿಂದ ಆಯಿಲ್ ತೆಗೆದುಕೊಳ್ಳುತ್ತದೆ, ಹಾಗಾಗಿ ಕ್ಲಚ್ ಪೆಡಲ್ ಮೆತ್ತಗಾದರೆ ಮೊದಲು ನೋಡಬೇಕಾದ್ದು ಅಲ್ಲಿ.

ರಾತ್ರಿ ನಿಲ್ಲಿಸುವಾಗ ಬ್ರೇಕ್ ಒತ್ತಿರುವಂತೆಯೇ ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಒಮ್ಮೆ ಬ್ರೇಕ್ ಬಿಟ್ಟು ಗಾಡಿ ಕೂರಲು ಬಿಡಿ, ಆಮೇಲೆ ಗೇರ್ ಹಾಕಿ. ಏರಿನಲ್ಲಿ ಫಸ್ಟ್, ಇಳಿಜಾರಿನಲ್ಲಿ ರಿವರ್ಸ್. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ.