ನ್ಯಾಯತೀರ್ಪಿನ ಭಾಗ ಬಂದಾಗ ಸತ್ಯವೇದ ಓದುವುದು ಹೇಗೆ?

ನಾನು ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದವನು. ಈಗ ಗುರುವಾರ ಸಂಜೆ ನಮ್ಮ ಮನೆಯಲ್ಲಿ ಏಳೆಂಟು ಜನ ಸೇರಿ ಸತ್ಯವೇದ, ಅಂದರೆ ಬೈಬಲ್, ಓದುತ್ತೇವೆ. ದೇವರ ನ್ಯಾಯತೀರ್ಪಿನ ಮಾತು ಬಂದರೆ ಸಾಕು, ಎಲ್ಲರೂ ಗಪ್‌ಚುಪ್. ಅರ್ಧ ಜನರಿಗೆ ಬೆಂಕಿಯ ನೆನಪು, ಇನ್ನರ್ಧ ಜನರಿಗೆ ಪಕ್ಕದ ಮನೆಯವರ ಪಾಪದ ನೆನಪು. ಹಾಗಾಗದಂತೆ ನಾವು ಓದುವ ಬಗೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ ಕೇಳಿ: ಈ ತೀರ್ಪಿಗಾಗಿ ಕಾಯುತ್ತಿರುವವರು ಯಾರು?

ನನ್ನ ಸರ್ವೀಸಿನಲ್ಲಿ ಒಬ್ಬ ಅಜ್ಜಿ ಇದ್ದರು. ಎರಡು ಎಕರೆ ಹೊಲದ ದಾವೆ. ಒಂಬತ್ತು ವರ್ಷ ಓಡಾಡಿದರು. ಪ್ರತಿ ತಾರೀಕಿಗೂ ಬಾಗಿಲ ಹತ್ತಿರ ನಿಂತು, "ಸಾಹೇಬ್ರೇ, ಇವತ್ತಾದ್ರೂ ತೀರ್ಪು ಆಗ್ತದಾ?" ಎನ್ನುತ್ತಿದ್ದರು. ಅವರಿಗೆ ತೀರ್ಪಿನ ದಿನದ ಹೆದರಿಕೆ ಇರಲಿಲ್ಲ. ತೀರ್ಪು ಆಗದ ದಿನಗಳೇ ಕಷ್ಟ. ಹೆದರುತ್ತಿದ್ದವನು ಹೊಲ ಒತ್ತಿಕೊಂಡವನು. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ನ್ಯಾಯಾಧಿಪತಿಯ ಬೆನ್ನು ಬಿಡದ ವಿಧವೆಯ ಕಥೆ ಓದುವಾಗ ನನಗೆ ಈ ಅಜ್ಜಿಯೇ ಕಾಣುತ್ತಾರೆ. ಈಗ 96ನೆಯ ಕೀರ್ತನೆ ತೆಗೆಯಿರಿ. ದೇವರು ಭೂಮಿಗೆ ನ್ಯಾಯತೀರಿಸಲು ಬರುತ್ತಾನೆಂದು ಹೊಲಗಳು ಕುಣಿಯುತ್ತವೆ, ಕಾಡಿನ ಮರಗಳು ಹಾಡುತ್ತವೆ. 98ರಲ್ಲಿ ನದಿಗಳು ಚಪ್ಪಾಳೆ ಹೊಡೆಯುತ್ತವೆ. ಬರೀ ಶಿಕ್ಷೆಯ ಸುದ್ದಿಯಾಗಿದ್ದರೆ ಯಾರಾದರೂ ಚಪ್ಪಾಳೆ ಹೊಡೆಯುತ್ತಾರಾ?

ಹೀಬ್ರೂ ಭಾಷೆಯ 'ಶಾಫಟ್' ಎಂಬ ಪದಕ್ಕೆ ತೀರ್ಪು ಕೊಡುವುದರ ಜೊತೆಗೆ ಆಳುವುದು, ಕೆಟ್ಟದ್ದನ್ನು ಸರಿಪಡಿಸುವುದು ಎಂಬ ಅರ್ಥವೂ ಇದೆ. ದೆಬೋರ, ಗಿದ್ಯೋನರ ಕಥೆ ಇರುವ ಪುಸ್ತಕಕ್ಕೆ ನಮ್ಮ ಕನ್ನಡ ಅನುವಾದಕರು 'ನ್ಯಾಯಸ್ಥಾಪಕರು' ಎಂದು ಹೆಸರಿಟ್ಟರಲ್ಲ, ಆ ಜಾಣತನ ನನಗೆ ತುಂಬಾ ಇಷ್ಟ. ಗಿದ್ಯೋನ ಕೋರ್ಟು ನಡೆಸಿದವನಲ್ಲ. ಮಿದ್ಯಾನ್ಯರ ಕಾಟದಿಂದ ಜನರನ್ನು ಬಿಡಿಸಿದವನು.

ಎರಡನೆಯದು, ಆಪಾದನೆ ಯಾರ ಮೇಲಿದೆ ಎಂದು ನೋಡಿ. ಇದಕ್ಕೆ ಪ್ರವಾದಿ ಆಮೋಸನ ಪುಸ್ತಕದ ಮೊದಲ ಎರಡು ಅಧ್ಯಾಯಗಳನ್ನು ಜೋರಾಗಿ ಓದಬೇಕು. ತೆಕೋವದ ಈ ಕುರಿಗಾಹಿ ಎಂಟನೆಯ ಶತಮಾನದಲ್ಲಿ, ಕ್ರಿಸ್ತಪೂರ್ವದ ಮಾತು, ಉತ್ತರದ ಇಸ್ರಾಯೇಲಿಗೆ ಹೋಗಿ ಮಾತಾಡಿದ. ಮೊದಲು ನೆರೆಯ ದಮಸ್ಕದ ಮೇಲೆ ಚಾರ್ಜ್‌ಶೀಟು. ಆಮೇಲೆ ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಕೇಳುತ್ತಿದ್ದವರು ತಲೆದೂಗಿರಬೇಕು: ಹೌದು ಹೌದು, ಅವರಿಗೆ ಹಾಗೇ ಆಗಬೇಕು! ಏಳನೆಯದು ಯೆಹೂದ, ಅಂದರೆ ಅಣ್ಣತಮ್ಮಂದಿರು. ಎಂಟನೆಯದು ಎದುರಿಗೆ ಕೂತವರೇ. ಅವರು ಮಾಡಿದ್ದೇನು? ಒಂದು ಜೊತೆ ಕೆರಕ್ಕಾಗಿ ಬಡವನನ್ನು ಮಾರಿದ್ದು, ಅಡವಿಟ್ಟ ಬಟ್ಟೆಯನ್ನು ಹಾಸಿಕೊಂಡು ಯಜ್ಞವೇದಿಯ ಪಕ್ಕದಲ್ಲೇ ಮಲಗಿದ್ದು. ಪೂಜೆ ತಪ್ಪಿಸಿದ್ದಲ್ಲ. ನಮ್ಮ ಗುಂಪಿನಲ್ಲಿ ನಾನು ಮೋವಾಬಿನ ನಂತರ ಓದು ನಿಲ್ಲಿಸಿ, "ಇಲ್ಲಿಯವರೆಗೆ ಹೇಗನ್ನಿಸಿತು?" ಎಂದು ಕೇಳುತ್ತೇನೆ. ಆಮೇಲೆ ಮುಂದುವರಿಸುತ್ತೇನೆ. ಚೀಟಿ ವ್ಯವಹಾರ ನಡೆಸುವ ನಮ್ಮ ಗೆಳೆಯರೊಬ್ಬರು ಒಮ್ಮೆ ಸುಮ್ನೆ ಎದ್ದು ನೀರು ಕುಡಿಯಲು ಹೋದರು.

ಮೂರನೆಯದು, ತೀರ್ಪಿನಲ್ಲಿ ವಾಯಿದೆ ಇದೆಯಾ ನೋಡಿ. ಪ್ರವಾದಿ ಯೋನ ನಿನೆವೆ ಪಟ್ಟಣದಲ್ಲಿ ಸಾರಿದ್ದು 40 ದಿನದ ಗಡುವು. ಊರು ಕೆಟ್ಟದ್ದು ಬಿಟ್ಟು ತಿರುಗಿಕೊಂಡಿತು, ದೇವರು ಶಿಕ್ಷೆ ಬಿಟ್ಟುಬಿಟ್ಟ. ಸಿಟ್ಟಾದವನು ಪ್ರವಾದಿ! ಎಡಗೈ ಬಲಗೈ ತಿಳಿಯದ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನ, ಮೇಲೆ ಅಷ್ಟು ದನಕರು, ನಾನು ಕನಿಕರಿಸಬಾರದಾ ಎಂಬ ದೇವರ ಪ್ರಶ್ನೆಯಲ್ಲೇ ಆ ಪುಸ್ತಕ ಮುಗಿಯುತ್ತದೆ.

ಮತ್ತಾಯ 25ರಲ್ಲಿ, ಕುರುಬ ಕುರಿ-ಆಡುಗಳನ್ನು ಬೇರ್ಪಡಿಸುವಂತೆ ಅರಸ ಜನರನ್ನು ಎರಡು ಕಡೆ ಮಾಡುವ ಭಾಗಕ್ಕೆ ಒಂದು ಇಡೀ ಸಂಜೆ ಇಟ್ಟುಕೊಳ್ಳಿ. ಅಲ್ಲಿ ಲೆಕ್ಕಕ್ಕೆ ಬರುವುದು ಊಟ, ನೀರು, ಪರದೇಶಿಗೆ ಜಾಗ, ಬಟ್ಟೆ, ರೋಗಿಯ ಆರೈಕೆ, ಸೆರೆಮನೆಯ ಭೇಟಿ. ಎರಡೂ ಕಡೆಯವರಿಗೆ ಆಶ್ಚರ್ಯವಾಗುವುದನ್ನು ಗಮನಿಸಿ. "ನಿನ್ನನ್ನು ಯಾವಾಗ ನೋಡಿದೆವು?" ಎಂದು ಇಬ್ಬರೂ ಕೇಳುತ್ತಾರೆ. ಇಲ್ಲಿ ಜಗಳ ಖಂಡಿತ: ಹಾಗಾದರೆ ನಂಬಿಕೆಯಿಂದ ರಕ್ಷಣೆಯೋ, ಕ್ರಿಯೆಯಿಂದಲೋ? ಪಕ್ಕದಲ್ಲೇ ಯೋಹಾನ 5:24 ಇಟ್ಟು ಓದಿ. ನಂಬುವವನು ಆಗಲೇ ಮರಣದಿಂದ ಜೀವಕ್ಕೆ ದಾಟಿದ್ದಾನೆ ಎನ್ನುತ್ತದೆ ಅದು. ಎರಡರಲ್ಲಿ ಒಂದನ್ನು ಅಳಿಸಬೇಡಿ. ಕಥೋಲಿಕ ಗೆಳೆಯರು ಬಂದಿದ್ದರೆ, ಸತ್ತ ಕೂಡಲೇ ಆಗುವ ತೀರ್ಪು ಮತ್ತು ಲೋಕಾಂತ್ಯದ ತೀರ್ಪು ಎಂದು ಅವರು ಬೇರೆ ಬೇರೆಯಾಗಿ ವಿವರಿಸುತ್ತಾರೆ. ಕೇಳಿಸಿಕೊಳ್ಳಿ.

ಒಂದು ಕೆಲಸ ಮಾತ್ರ ಮಾಡಲೇಬೇಡಿ: ಬೇರೆಯವರ ಕಷ್ಟಕ್ಕೆ ಈ ವಚನಗಳನ್ನು ಅಂಟಿಸುವುದು. ನನ್ನ ಅಣ್ಣನ ಮಗ ಬೈಕಿನಿಂದ ಬಿದ್ದು ತೀರಿಕೊಂಡಾಗ, ಮನೆಗೆ ಬಂದ ಒಬ್ಬರು "ದೇವರ ನ್ಯಾಯತೀರ್ಪು" ಅಂದರು. ಅತ್ತಿಗೆ ಎರಡು ವರ್ಷ ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಸಿಲೋವದ ಗೋಪುರ ಬಿದ್ದು 18 ಜನ ಸತ್ತಾಗ, ಅವರು ಉಳಿದವರಿಗಿಂತ ಜಾಸ್ತಿ ಪಾಪಿಗಳೆಂದು ಎಣಿಸುತ್ತೀರಾ, ಹಾಗಲ್ಲ ಎಂದು ಯೇಸುವೇ ಹೇಳಿದ್ದಾನೆ. ಲೂಕ 13ನ್ನು ಗುರುತು ಹಾಕಿಟ್ಟುಕೊಳ್ಳಿ.

ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ 20ನೆಯ ಅಧ್ಯಾಯ, ಬಿಳೀ ಸಿಂಹಾಸನದ ಮುಂದೆ ಪುಸ್ತಕಗಳು ತೆರೆಯುವ ಭಾಗ, ಎಲ್ಲದರ ಕೊನೆಗೆ ಬರಲಿ. ಆದರೆ ಅಲ್ಲಿಗೇ ನಿಲ್ಲಿಸಿ ಜನರನ್ನು ಮನೆಗೆ ಕಳಿಸಬೇಡಿ. ಕಣ್ಣೀರು ಒರೆಸುವ ಮಾತು 21:4ರಲ್ಲಿದೆ. ಹೊತ್ತಾದರೂ ಅಲ್ಲಿಯವರೆಗೆ ಓದಿ, ಆಮೇಲೆ ಚಹಾ ಕೊಡಿ.